ಕಾಡಿನಲ್ಲಿ ಜೀಪು ಬಿಡಿ

ಕಳೆದ ಮಾರ್ಚ್ ತಿಂಗಳ ಮೊದಲ ಬುಧವಾರ ಬೆಳಿಗ್ಗೆ, ಮಲ್ಲೇಶ್ವರಂನ ಸರ್ಕಾರಿ ಸಭಾಂಗಣವೊಂದರಲ್ಲಿ, ನಾನು ಬರೆದ ಮೂರು ಪದಗಳ ಬ್ಯಾನರ್ ಒಂದನ್ನು ಪರಸ್ಪರ ವಿರೋಧಿಸುವ ಎರಡು ಗುಂಪುಗಳು ಒಂದೊಂದು ತುದಿ ಹಿಡಿದು ಎತ್ತಿ ನಿಂತವು. ಯಾರಿಗೂ ಗಾಯಗಳಾಗಿಲ್ಲ.

ಒಂದು ತುದಿಯಲ್ಲಿದ್ದವರು ನನ್ನ ಹೆಂಡತಿ ವಸುಧಾಳ ಹಕ್ಕಿ ಬಳಗದವರು. ಕಾಡಿನೊಳಗೆ ಜೀಪು ಬೇಡ ಎನ್ನುವವರು. ಇನ್ನೊಂದು ತುದಿಯಲ್ಲಿದ್ದವರು ವಸುಧಾಳ ತಮ್ಮ ಪ್ರಸನ್ನನ ಜೀಪು ಕೂಟದವರು. ಬೇಕು ಎನ್ನುವವರು. ಬ್ಯಾನರ್ ಹೇಳುತ್ತಿರುವುದು ತಮ್ಮ ಮಾತನ್ನೇ ಎಂದು ಎರಡೂ ಕಡೆಯವರು ವಾದಿಸುತ್ತಿದ್ದರು. ಎರಡೂ ಕಡೆಯವರ ವಾದ ಸರಿಯಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ನಾನು ಕನ್ನಡ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೇರೆಯವರು ಬರೆದದ್ದನ್ನು ಕತ್ತರಿಸುವುದು ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ನಂತರ ಅದು ಚಟವಾಗಿ ಉಳಿದುಕೊಂಡಿದೆ. ಹೋಟೆಲಿನ ತಿಂಡಿ ಫಲಕದಲ್ಲಿ ‘ಬಿಸಿ ಬಿಸಿ ಇಡ್ಲಿ’ ಎಂದಿದ್ದರೆ ಒಂದು ‘ಬಿಸಿ’ ಸಾಲದೆ ಎಂದು ಯೋಚಿಸುತ್ತೇನೆ. ಒಂದು ಪದದಲ್ಲಿ ಮುಗಿಯುವ ಕೆಲಸಕ್ಕೆ ಎರಡು ಪದ ಬಳಸುವುದು ಓದುಗನಿಗೆ ಮಾಡುವ ಅನ್ಯಾಯ ಎಂದು ಡೆಸ್ಕಿಗೆ ಹೊಸದಾಗಿ ಬಂದವರಿಗೆಲ್ಲ ಹೇಳಿಕೊಟ್ಟವನು ನಾನೇ. ಈ ಹಿನ್ನೆಲೆ ಮುಂದಿನ ಘಟನೆಗಳಿಗೆ ಅಗತ್ಯ.

ವಿವಾದ ಇದ್ದದ್ದು ನಗರದಿಂದ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸಾಗಬಹುದಾದಷ್ಟು ದೂರದ ಒಂದು ಮೀಸಲು ಅರಣ್ಯದ ಬಗ್ಗೆ. ಹೆಸರು ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರವೇ ಅಲ್ಲಿ ಇನ್ನಷ್ಟು ಜನ ಸೇರುತ್ತಾರೆ. ಆ ಕಾಡಿನಲ್ಲಿ ಎರಡು ಮಣ್ಣಿನ ದಾರಿಗಳಿವೆ. ಬೇಸಿಗೆಯಲ್ಲಿ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರದಂತೆ ಹುಲ್ಲು ಪೊದೆ ಸವರಿ ಮಾಡಿದ ದಾರಿಗಳು. ಒಂದು ಕಾಡಿನ ಅಂಚಿನಲ್ಲೇ ಸುತ್ತುತ್ತದೆ, ಇನ್ನೊಂದು ನಡುವಿನಲ್ಲಿ ಹಾದುಹೋಗುತ್ತದೆ. ಪ್ರಸನ್ನನ ಕೂಟದವರು ರಜಾ ದಿನಗಳಲ್ಲಿ ಈ ಎರಡರಲ್ಲೂ ಜೀಪು ಓಡಿಸುತ್ತಿದ್ದರು. ಅಧಿಕೃತವಾಗಿ ಅನುಮತಿ ಇರಲಿಲ್ಲ, ಅಧಿಕೃತವಾಗಿ ತಡೆದವರೂ ಇರಲಿಲ್ಲ. ಕೊನೆಗೆ ಇದಕ್ಕೊಂದು ನಿಯಮ ಮಾಡೋಣವೆಂದು ಇಲಾಖೆಯವರು ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ ಕರೆದರು.

ವಸುಧಾಳ ಮಟ್ಟಿಗೆ ಪ್ರಶ್ನೆ ಇದ್ದದ್ದು ನಡುವಿನ ದಾರಿಯದು. ಅಲ್ಲಿ ನತ್ತಿಂಗ ಎಂಬ ಹಕ್ಕಿ ಮೊಟ್ಟೆ ಇಡುತ್ತದೆ. ಗೂಡು ಕಟ್ಟುವುದಿಲ್ಲ, ಮರ ಹತ್ತುವುದಿಲ್ಲ. ತರಗೆಲೆ ಬಿದ್ದ ಬರಿ ನೆಲದ ಮೇಲೆ ಇಟ್ಟು ಅದರ ಮೇಲೆ ಕೂರುತ್ತದೆ. ಅದರ ಮೈಬಣ್ಣವೂ ತರಗೆಲೆಯದೇ. ಹಿಂದಿನ ವರ್ಷ ವಸುಧಾ ಒಂದು ಜೋಡಿ ಮೊಟ್ಟೆ ಕಂಡು, ಮುಂದಿನ ಭಾನುವಾರ ಹೋದಾಗ ಅಲ್ಲಿ ಟಯರಿನ ಅಚ್ಚು ಮಾತ್ರ ಕಂಡಿದ್ದಳು. ಅವತ್ತು ಮನೆಗೆ ಬಂದು ಕಾಫಿ ಕುಡಿಯಲಿಲ್ಲ. ಮದುವೆಯಾದ ಮೇಲೆ ಅವಳು ಕಾಫಿ ಬೇಡವೆಂದದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಪ್ರಸನ್ನ ಚಾಮರಾಜಪೇಟೆಯವನು. ವಾಹನಗಳ ಬಿಡಿಭಾಗದ ವ್ಯಾಪಾರ. ಒಳ್ಳೆಯ ಹುಡುಗ ಎಂದೇ ಅವನನ್ನು ಎಲ್ಲರೂ ಕರೆಯುವುದು, ಐವತ್ತು ದಾಟಿದ್ದರೂ. ಸಭೆಗೆ ಮುಂಚಿನ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ಅಕ್ಕ ತಮ್ಮನ ನಡುವೆ ಸಾರಿಗೂ ಮಜ್ಜಿಗೆಗೂ ಮಧ್ಯೆ ಈ ವಿಷಯ ಬಂತು.

“ಅಕ್ಕ, ನಾವು ಒಂದು ಗಿಡ ಮುರಿಯಲ್ಲ, ಒಂದು ಬಾಟಲಿ ಬಿಸಾಕಲ್ಲ. ಬೇರೆಯೋರು ಬಿಸಾಕಿದ್ದನ್ನೂ ಆರ್ಸ್ಕೊಂಡು ಬರ್ತೀವಿ. ಆ ದಾರೀಲಿ ಏನಿದೆ ಅಂತ ಇಷ್ಟು ಗಲಾಟೆ?”

“ನತ್ತಿಂಗ,” ಎಂದಳು ವಸುಧಾ.

“ಅದನ್ನೇ ನಾನೂ ಹೇಳ್ತಿರೋದು. ನಥಿಂಗ್.”

“ಹಕ್ಕಿ ಕಣೋ.”

“ಹಕ್ಕಿ ಹೆಸರು ನಥಿಂಗಾ? ಚೆನ್ನಾಗಿದೆ. ಇಲ್ದೇ ಇರೋ ಹಕ್ಕಿಗೆ ಸರಿಯಾದ ಹೆಸರು.”

ವಸುಧಾ ಅವನಿಗೆ ಎರಡನೇ ಸಲ ಪಾಯಸ ಬಡಿಸಲಿಲ್ಲ. ಪ್ರಸನ್ನ ಹೋಗುವಾಗ ಬಾಗಿಲಲ್ಲಿ ನಿಂತು, ನೀವು ಹಕ್ಕಿ ನೋಡೋರು ಮಲ್ಲೇಶ್ವರಂನಿಂದ ಕಾಡಿನವರೆಗೂ ನಡ್ಕೊಂಡು ಹೋಗ್ತೀರಾ, ಟಿಟಿ ಮಾಡ್ಕೊಂಡು ಹೋಗ್ತೀರಲ್ಲ, ಅದೇನು ಎತ್ತಿನ ಗಾಡಿಯಾ ಎಂದು ಕೇಳಿದ. ಬಳಗದವರು ಬಾಡಿಗೆಗೆ ಹಿಡಿಯುವ ಟೆಂಪೋ ಟ್ರಾವೆಲರ್ ಬಗ್ಗೆ ಅವನು ಹೇಳಿದ್ದರಲ್ಲಿ ಸತ್ಯಾಂಶವಿತ್ತು. ನಾನು ತಟಸ್ಥನಾಗಿದ್ದೆ. ಎರಡೂ ಕಡೆಯ ಹೇಳಿಕೆ ಪಡೆದು ಪಕ್ಕಪಕ್ಕ ಹಾಕುವುದು ನನಗೆ ಅಭ್ಯಾಸ. ಮನೆಯಲ್ಲಿ ಅದಕ್ಕೆ ಬೆಲೆ ಇಲ್ಲವೆಂದು ಅಂದು ಸಂಜೆ ತಿಳಿಯಿತು.

“ನೀವು ಯಾವ ಕಡೆ?” ಎಂದು ವಸುಧಾ ನೇರವಾಗಿ ಕೇಳಿದಳು.

ನಾನು ಅವಳ ಕಡೆ ಎಂದೆ. ಹಾಗಾದರೆ ಬ್ಯಾನರಿಗೆ ಒಂದು ಸಾಲು ಬರೆದುಕೊಡಿ ಎಂದಳು. ಇದೇನು ದೊಡ್ಡ ವಿಷಯ ಎಂದೆ.

ಬ್ಯಾನರಿಗೆ ಆಗಲೇ ಒಂದು ಕರಡು ಇತ್ತು. ಬರೆದವರು ಬಳಗದ ಹಿರಿಯರಾದ ಲೀಲಾ ಮೇಡಂ, ಬಹಳ ಕಾಲ ಗಣಿತ ಕಲಿಸಿದವರು. ಅವರ ಕರಡು ಹೀಗಿತ್ತು: ‘ಮೀಸಲು ಅರಣ್ಯದ ಒಳಗಿನ ಮಣ್ಣಿನ ದಾರಿಗಳಲ್ಲಿ ಮೋಜಿಗಾಗಿ ಜೀಪು ಮುಂತಾದ ಮೋಟಾರು ವಾಹನಗಳನ್ನು ಓಡಿಸುವುದನ್ನು ದಯವಿಟ್ಟು ಕೈಬಿಡಿ.’ ಗಣಿತದವರ ಬರವಣಿಗೆ ಹೀಗೇ. ಯಾವ ಸಂಶಯಕ್ಕೂ ಎಡೆ ಇರುವುದಿಲ್ಲ.

ನಾನು ಪೆನ್ನು ತೆಗೆದೆ. ‘ಮೀಸಲು ಅರಣ್ಯ’ ಕಾಡಾಯಿತು. ‘ಮಣ್ಣಿನ ದಾರಿ’ ಹೋಯಿತು. ‘ಮೋಜಿಗಾಗಿ’ ಹೋಯಿತು, ದುಃಖಕ್ಕಾಗಿ ಯಾರೂ ಜೀಪು ಓಡಿಸುವುದಿಲ್ಲ. ‘ಮುಂತಾದ ಮೋಟಾರು ವಾಹನ’ ಹೋಯಿತು. ‘ಓಡಿಸುವುದನ್ನು’ ಹೋಯಿತು, ಜೀಪನ್ನು ಓಡಿಸದೆ ಇನ್ನೇನು ಮಾಡುತ್ತಾರೆ? ‘ದಯವಿಟ್ಟು’ ಯಾವ ಶೀರ್ಷಿಕೆಯಲ್ಲೂ ಇರುವುದಿಲ್ಲ. ಉಳಿದದ್ದು ‘ಕಾಡಿನಲ್ಲಿ ಜೀಪು ಕೈಬಿಡಿ.’ ಓದಿ ನೋಡಿದೆ. ‘ಕೈ’ ಒಂದು ಕಲ್ಲಿನ ಹಾಗೆ ನಾಲಿಗೆಗೆ ತಗುಲುತ್ತಿತ್ತು. ಅದೂ ಅಲ್ಲದೆ, ಬ್ಯಾನರಿನಲ್ಲಿ ‘ಕೈ’ ಎಂದು ಬಂದರೆ ಜನ ಚುನಾವಣೆ ಬಂತೇ ಎಂದುಕೊಳ್ಳುತ್ತಾರೆ. ಅದನ್ನೂ ಹೊಡೆದೆ.

‘ಕಾಡಿನಲ್ಲಿ ಜೀಪು ಬಿಡಿ.’

ವಸುಧಾ ಅದನ್ನು ಎರಡು ಸಲ ಓದಿದಳು. “ಬರೀ ‘ಬಿಡಿ’ ಅಂದ್ರೆ ಸಾಕಾ ರೀ?”

“ಸಿಗರೇಟು ಬಿಡಿ ಅಂದ್ರೆ ಯಾರಿಗೂ ಅರ್ಥ ಆಗಲ್ವಾ?” ಎಂದೆ.

ವೃತ್ತಿಪರನ ಮಾತು ಎಂದು ಅವಳು ಒಪ್ಪಿಕೊಂಡಳು. ಈ ಪ್ರಕರಣದಲ್ಲಿ ಅವಳು ಮಾಡಿದ ಏಕೈಕ ತಪ್ಪು ಇದು.

ಬ್ಯಾನರ್ ಮಾಡುವ ಅಂಗಡಿಗಳು ಮಲ್ಲೇಶ್ವರಂನಲ್ಲೇ ಇವೆ. ನಾನು ಸುಲ್ತಾನ್‌ಪೇಟೆಗೆ ಹೋದೆ. ಮಗಳ ಮದುವೆಯ ಕರೆಯೋಲೆ ಅಚ್ಚು ಹಾಕಿಸಿದ್ದು ಅಲ್ಲಿನ ನಾಗರಾಜು ಅವರ ಅಂಗಡಿಯಲ್ಲಿ. ಆ ಕರೆಯೋಲೆಯಲ್ಲಿ ಒಂದೂ ಅಕ್ಷರದೋಷ ಇರಲಿಲ್ಲ. ಬಂದವರಲ್ಲಿ ಇದನ್ನು ಗಮನಿಸಿದ್ದು ನಾನೊಬ್ಬನೇ ಇರಬಹುದು, ಆದರೂ ಆ ಅಂಗಡಿಯ ಮೇಲೆ ನನಗೆ ವಿಶ್ವಾಸ.

ಪ್ಲಾಸ್ಟಿಕ್ ಬೇಡ, ಬಟ್ಟೆಯದೇ ಆಗಬೇಕು ಎಂದು ಹೇಳಿದೆ. ನಾಗರಾಜು ಬರೆದುಕೊಂಡರು. ಖಾಲಿ ಖಾಲಿ ಕಾಣುತ್ತದೆ, ಒಂದು ಚಿತ್ರ ಹಾಕೋಣವೇ ಎಂದು ಕೇಳಿದರು. ಜೀಪಿನ ಚಿತ್ರ ಹಾಕಿ ಎಂದೆ.

“ಅದರ ಮೇಲೆ ಕೆಂಪಗೆ ಒಂದು ಅಡ್ಡಗೀಟು ಎಳೀಲಾ ಸಾರ್?”

ಬೇಡ ಎಂದೆ. ಅಡ್ಡಗೀಟು ಎಳೆಯುವುದು ಭಾಷೆಯ ಮೇಲೆ ಭರವಸೆ ಇಲ್ಲದವರು ಎಂದೂ ಹೇಳಿದೆ. ಅವರು ತಲೆ ಆಡಿಸಿದರು.

“ಕೆಳಗಡೆ ಹೆಸರು?”

“ಹಕ್ಕಿ ಬಳಗ, ಮಲ್ಲೇಶ್ವರಂ. ಮಾಮೂಲಿನಂತೆ ಹಾಕ್ಬಿಡಿ.”

ಮಾಮೂಲು ಎಂಬ ಪದ ಪತ್ರಿಕೆಯವನಿಗೆ ಒಂದು, ಸುಲ್ತಾನ್‌ಪೇಟೆಯ ಕರೆಯೋಲೆ ಅಂಗಡಿಯವರಿಗೆ ಇನ್ನೊಂದು. ಇದು ನನಗೆ ಆಗ ಹೊಳೆಯಲಿಲ್ಲ.

ಪ್ರೂಫ್ ಮರುದಿನ ಫೋನಿಗೆ ಬಂತು. ಪರದೆಯ ತುಂಬ ಮೇಲಿನ ಸಾಲು ಕಾಣುತ್ತಿತ್ತು. ‘ಜೀ’ ದೀರ್ಘ ಇದೆ. ‘ಬಿ’ಗೆ ದೀರ್ಘ ಇಲ್ಲ, ಇದ್ದಿದ್ದರೆ ಸೇದುವ ಬೀಡಿಯ ನೆನಪು ತರುತ್ತಿತ್ತು. ಎಲ್ಲ ಸರಿಯಿದೆ, ಅಚ್ಚಿಗೆ ಹಾಕಿ ಎಂದು ಉತ್ತರ ಕಳಿಸಿದೆ. ಪರದೆಯನ್ನು ಕೆಳಗೆ ಸರಿಸಿ ನೋಡಲಿಲ್ಲ. ಪುಟದ ಕೊನೆಯ ಸಾಲನ್ನು ಮೊದಲು ನೋಡಬೇಕು ಎಂದು ಡೆಸ್ಕಿನಲ್ಲಿ ಹೇಳುತ್ತಿದ್ದವನು ನಾನು.

ಬ್ಯಾನರ್ ಎರಡು ಬಿದಿರು ಕೋಲಿಗೆ ಸುತ್ತಿ, ದಾರ ಕಟ್ಟಿಸಿಕೊಂಡು ಮನೆಗೆ ಬಂತು. ಒಂದ್ಸಲ ಬಿಚ್ಚಿ ತೋರಿಸಿ ಎಂದು ವಸುಧಾ ಕೇಳಿದಳು. ಮತ್ತೆ ಸುತ್ತುವಾಗ ಸುಕ್ಕು ಬೀಳುತ್ತದೆ, ಸಭೆಯಲ್ಲೇ ನೋಡು ಎಂದೆ.

ಬುಧವಾರ ಬೆಳಿಗ್ಗೆ ಹೊರಟು ನಿಂತಾಗ ಕೋಲುಗಳು ಯಾವ ಆಟೋದಲ್ಲೂ ಹಿಡಿಸಲಿಲ್ಲ. ಅಷ್ಟರಲ್ಲಿ ಪ್ರಸನ್ನ ಬಂದ. ಅವನೂ ಅದೇ ಸಭೆಗೆ ಹೊರಟವನು. ಮಲ್ಲೇಶ್ವರಂನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲವಾದ್ದರಿಂದ ನಮ್ಮ ಗೇಟಿನ ಮುಂದೆ ನಿಲ್ಲಿಸುವುದು ಅವನ ರೂಢಿ. ಕೋಲು ಹಿಡಿದು ನಿಂತ ಅಕ್ಕನನ್ನು ನೋಡಿ, ಹತ್ತು ಅಕ್ಕ, ಜಗಳ ಅಲ್ಲಿ ಹೋಗಿ ಆಡೋಣ ಎಂದ. ನಮ್ಮ ಜೊತೆ ಹೊರಟಿದ್ದ ಲೀಲಾ ಮೇಡಂ ಜೀಪು ಹತ್ತಲು ಖಡಾಖಂಡಿತವಾಗಿ ನಿರಾಕರಿಸಿ ನಡೆದು ಹೊರಟರು. ನಾವು ಹತ್ತಿದೆವು. ಜೀಪು ವಿರೋಧಿ ನಿಯೋಗ ಹೀಗೆ ಜೀಪಿನಲ್ಲಿ ಸಭೆಗೆ ತೆರಳಿತು. ಏಕಮುಖ ರಸ್ತೆಗಳನ್ನೆಲ್ಲ ಸುತ್ತಿ ನಾವು ತಲುಪುವ ಹೊತ್ತಿಗೆ ಮೇಡಂ ಮೊದಲ ಸಾಲಿನಲ್ಲಿ ಕುಳಿತು ನೀರು ಕುಡಿಯುತ್ತಿದ್ದರು.

ಸಭೆ ನಡೆಸಿದವರು ನಡುವಯಸ್ಸಿನ ಮಹಿಳಾ ಅಧಿಕಾರಿ, ಸಮಾಧಾನಿ. ಬಳಗದವರು ಎದ್ದು ಬ್ಯಾನರ್ ಬಿಚ್ಚಿದರು. ಒಂದು ಕೋಲು ಲೀಲಾ ಮೇಡಂ ಹಿಡಿದರು. ಇನ್ನೊಂದು ಕೋಲು ಹಿಡಿಯಲು ವಸುಧಾ ಮುಂದಾಗುವಷ್ಟರಲ್ಲಿ ಜೀಪು ಕೂಟದ ಸಾಲಿನಿಂದ ಚಪ್ಪಾಳೆ ಬಂತು. ಪ್ರಸನ್ನ ಓಡಿಬಂದು ಆ ಕೋಲನ್ನು ತಾನೇ ಹಿಡಿದುಕೊಂಡ. ನನ್ನ ಕಡೆ ತಿರುಗಿ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ, “ಭಾವ, ನೀವು ಇಷ್ಟು ಮಾಡ್ತೀರ ಅಂತ ಅಂದ್ಕೊಂಡಿರ್ಲಿಲ್ಲ,” ಎಂದ.

ಆಗ ನಾನು ಬ್ಯಾನರನ್ನು ಮೊದಲ ಬಾರಿ ಪೂರ್ತಿಯಾಗಿ ನೋಡಿದೆ. ಹಸಿರು ಮರಗಳ ನಡುವೆ ಥಳಥಳ ಹೊಳೆಯುವ ಕೆಂಪು ಜೀಪು. ಸುತ್ತ ಮಾವಿನ ತೋರಣದ ಅಂಚು. ಮೇಲೆ ‘ಕಾಡಿನಲ್ಲಿ ಜೀಪು ಬಿಡಿ.’ ಕೆಳಗೆ, ಮಾಮೂಲಿನಂತೆ, ‘ತಮ್ಮ ಸುಖಾಗಮನವನ್ನು ಬಯಸುವ ಹಕ್ಕಿ ಬಳಗ, ಮಲ್ಲೇಶ್ವರಂ.’

ಲೀಲಾ ಮೇಡಂ ಕೋಲನ್ನು ಬಿಡದೆ ತಲೆ ಮಾತ್ರ ಹೊರಳಿಸಿ ಓದಿದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನನ್ನು ನೋಡುವಂತೆ ನನ್ನನ್ನು ನೋಡಿದರು.

ಅಧಿಕಾರಿ, ಎರಡೂ ಕಡೆಯವರ ಅಭಿಪ್ರಾಯ ಒಂದೇ ಆಗಿದ್ದರೆ ಇಲಾಖೆಗೂ ಸುಲಭ ಎಂದರು. ಇಲ್ಲಿಗೆ ನಾನು ಸುಮ್ಮನೆ ಕೂತಿದ್ದರೆ ಹಾನಿ ಬ್ಯಾನರಿಗೆ ಸೀಮಿತವಾಗುತ್ತಿತ್ತು. ನಾನು ಎದ್ದು ನಿಂತು ಸ್ಪಷ್ಟೀಕರಣ ಕೊಡಲು ಆರಂಭಿಸಿದೆ. ‘ಬಿಡು’ ಎಂಬ ಧಾತುವಿಗೆ ತ್ಯಜಿಸು ಎಂಬುದೇ ಮೂಲಾರ್ಥವೆಂದೂ, ಸಿಗರೇಟು ಬಿಡಿ, ಕೋಪ ಬಿಡಿ ಎಂಬ ಪ್ರಯೋಗಗಳನ್ನು ಗಮನಿಸಬೇಕೆಂದೂ ಹೇಳಿದೆ.

ಜೀಪು ಕೂಟದ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. “ಸಾರ್, ನಮ್ಮೂರಿಗೆ ಬಸ್ ಬಿಡಿ ಅಂತ ಅರ್ಜಿ ಕೊಡ್ತೀವಲ್ಲ, ಅದು ಬಸ್ ನಿಲ್ಸೋಕಾ?”

ಬಸ್ಸು ವಿಶೇಷ ಸಂದರ್ಭ ಎಂದೆ.

“ನಲ್ಲೀಲಿ ನೀರು ಬಿಡಿ ಅಂತೀವಲ್ಲ?” ಎಂದು ಇನ್ನೊಂದು ದನಿ. ಅದು ಜೀಪು ಕೂಟದ್ದಲ್ಲ, ನಮ್ಮ ಬಳಗದ ಸಾಲಿನಿಂದಲೇ ಬಂದದ್ದು.

ನೀರಿನ ವಿಷಯದಲ್ಲಿ ಕರ್ಮಪದದ ಸ್ವಭಾವ ಬೇರೆ ಎಂದು ನಾನು ಶುರು ಮಾಡಿದೆ. ಅಧಿಕಾರಿ ಕೈ ಎತ್ತಿದರು.

“ಬಿಡಿ ಸಾರ್,” ಎಂದರು.

ಈ ಪ್ರಯೋಗದ ಅರ್ಥದ ಬಗ್ಗೆ ಸಭೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾನು ಕುಳಿತೆ.

ನಗು ನಿಲ್ಲಲು ಸಮಯ ಹಿಡಿಯಿತು. ನಂತರ ಪ್ರಸನ್ನ, ಕೋಲು ಹಿಡಿದುಕೊಂಡೇ, ತಮ್ಮ ಕಡೆಯ ಮಾತು ಹೇಳಿದ. ಹೋದ ಬೇಸಿಗೆ ಆ ಕಾಡಿನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಕಾವಲುಗಾರರಿಗೆ ನೀರಿನ ಕ್ಯಾನು ಹೊತ್ತು ಮೇಲೆ ಹೋದದ್ದು ತಮ್ಮ ಜೀಪುಗಳೇ ಎಂದ. ಪೂರ್ತಿ ಮುಚ್ಚಿದರೆ ಆ ಕಾಡು ಯಾರಿಗೂ ನಮ್ಮದು ಅನಿಸುವುದಿಲ್ಲ, ಅದು ಎಲ್ಲರ ಕಾಡು ತಾನೆ ಎಂದ. ಅಧಿಕಾರಿ ಅದು ನಿಜ ಎಂದು ತಲೆ ಆಡಿಸಿದರು. ನಮ್ಮ ಸಾಲಿನಲ್ಲೂ ಒಂದಿಬ್ಬರು ತಲೆ ಆಡಿಸಿದರು. ನಡುವಿನ ದಾರಿ ಕೈತಪ್ಪಿತು ಎಂದು ನನಗೆ ಅನಿಸಿತು. ತಪ್ಪಿಸಿದವನು ನಾನು ಎಂಬುದೂ ಗೊತ್ತಿತ್ತು.

ವಸುಧಾ ಎದ್ದಳು. ಭಾಷಣ ಮಾಡಲಿಲ್ಲ. ತನ್ನ ಫೋನಿನಲ್ಲಿದ್ದ ಹಿಂದಿನ ವರ್ಷದ ಒಂದು ಫೋಟೋ ತೆರೆದು ಜೀಪು ಕೂಟದವರ ಮೊದಲ ಸಾಲಿಗೆ ಕೊಟ್ಟಳು. ಮಣ್ಣಿನ ದಾರಿ, ತರಗೆಲೆ, ನಾಲ್ಕು ಕಲ್ಲು. ಇದರಲ್ಲಿ ಎರಡು ಮೊಟ್ಟೆ ಇವೆ, ತೋರಿಸಿ ಎಂದಳು. ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬರು ದೊಡ್ಡದು ಮಾಡಿ ನೋಡಿದರು, ಒಬ್ಬರು ಕನ್ನಡಕ ಹಾಕಿ ನೋಡಿದರು. ಒಬ್ಬರು ಖಚಿತವಾಗಿ ತೋರಿಸಿದ್ದು ಕಲ್ಲಾಗಿತ್ತು. ಕೊನೆಗೆ ಅದು ಪ್ರಸನ್ನನ ಕೈಗೆ ಬಂತು. ಅವನು ಬಹಳ ಹೊತ್ತು ನೋಡಿದ.

“ಇಲ್ಲಿ,” ಎಂದು ವಸುಧಾ ಬೆರಳಿಟ್ಟಳು. “ಇದು ನಿನ್ನ ಗಾಡಿ ಹೋಗೋ ಜಾಗಾನೇ. ನೀವು ಕೆಟ್ಟೋರು ಅಂತ ನಾನು ಹೇಳ್ತಿಲ್ಲ ಕಣೋ. ಕಾಣ್ಸಲ್ಲ. ಅಷ್ಟೇ.”

ಪ್ರಸನ್ನ ಫೋನನ್ನು ಅಕ್ಕನಿಗೆ ವಾಪಸು ಕೊಟ್ಟ. ಸ್ವಲ್ಪ ಹೊತ್ತಿನ ನಂತರ ಬ್ಯಾನರಿನ ಕೋಲು ಬಿಟ್ಟ. ಅದು ಮುಂದಿನ ಸಾಲಿನಲ್ಲಿದ್ದ ನನ್ನ ತಲೆಗೆ ಬಡಿಯಿತು. ಗಾಯಗಳಾಗಿಲ್ಲ ಎಂದು ಆರಂಭದಲ್ಲಿ ಬರೆದಿದ್ದೇನೆ. ಊತವನ್ನು ನಾವು ಗಾಯವೆಂದು ವರದಿ ಮಾಡುವುದಿಲ್ಲ.

ವಾಪಸು ಬರುವಾಗ ವಸುಧಾ ಜೀಪು ಹತ್ತಲಿಲ್ಲ. ಲೀಲಾ ಮೇಡಂ ಜೊತೆ ನಡೆದಳು. ನಾನು ಹಿಂದೆ ಬ್ಯಾನರ್ ಹೊತ್ತು ನಡೆದೆ. ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು: ನಾನು ಬರೆದಿದ್ದರಲ್ಲಿ ‘ಕೈಬಿಡಿ’ ಅಂತ ಇತ್ತಲ್ಲ, ಆ ಕೈ ಎಲ್ಲಿ ಹೋಯಿತು? ನಾನು ಉತ್ತರಿಸುವ ಮುಂಚೆ ವಸುಧಾ ಹೇಳಿದಳು.

“ಇವ್ರು ನಮ್ಮ ಕೈ ಬಿಟ್ಬಿಟ್ರು ಮೇಡಂ.”

ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ಆ ದಿನದ ಸುದ್ದಿಗೆ ಶೀರ್ಷಿಕೆ ಕೊಡಲು ನನಗೆ ಈವರೆಗೆ ಸಾಧ್ಯವಾಗಿಲ್ಲ.

ಇಲಾಖೆಯ ತೀರ್ಮಾನ ಕೆಲವು ವಾರಗಳ ನಂತರ ಬಂತು. ಸದ್ಯಕ್ಕೆ ಪ್ರಾಯೋಗಿಕ. ಅಂಚಿನ ದಾರಿಯಲ್ಲಿ ಮಳೆಗಾಲ ಮುಗಿದ ಮೇಲಿನ ಚಳಿಗಾಲದ ಭಾನುವಾರಗಳಂದು, ಮೊದಲೇ ಅನುಮತಿ ಪಡೆದ ಕೆಲವೇ ಜೀಪುಗಳು ಹೋಗಬಹುದು. ನಡುವಿನ ದಾರಿಗೆ ಯಾವ ವಾಹನವೂ ಇಲ್ಲ, ಬೆಂಕಿ ಬಿದ್ದಾಗ ಇಲಾಖೆಯವರು ಕರೆದರೆ ಮಾತ್ರ. ಹಕ್ಕಿ ಬಳಗದ ಟಿಟಿ ಗೇಟಿನಿಂದ ದೂರ ನಿಲ್ಲಬೇಕು, ಒಳಗೆ ನಡೆಯುವವರೂ ಹೆಸರು ಬರೆಸಬೇಕು. ಜೀಪಿನವರಿಗೆ ಇದು ಕಡಿಮೆಯಾಯಿತು, ಬಳಗದವರಿಗೆ ಇದು ಜಾಸ್ತಿಯಾಯಿತು. ಎರಡೂ ಕಡೆಯವರು ಸಮನಾಗಿ ಅತೃಪ್ತರು. ನಮ್ಮ ವೃತ್ತಿಯಲ್ಲಿ ಇದನ್ನು ಸಮತೋಲನ ಎನ್ನುತ್ತೇವೆ.

ನಡುವಿನ ದಾರಿಯ ಅಡ್ಡಗಂಬಕ್ಕೆ ಒಂದು ಫಲಕ ಹಾಕಿದ್ದಾರೆ. ಒಕ್ಕಣೆ ಲೀಲಾ ಮೇಡಂ ಅವರದು. ಉದ್ದವಾಗಿದೆ. ಕರಡು ತಿದ್ದಲು ನನ್ನ ಬಳಿ ಬರಲಿಲ್ಲ.

ಬ್ಯಾನರ್ ಒಳ್ಳೆಯ ಬಟ್ಟೆಯದಾದ್ದರಿಂದ ವಸುಧಾ ಅದನ್ನು ದರ್ಜಿಗೆ ಕೊಟ್ಟು ಕೈಚೀಲ ಹೊಲಿಸಿದಳು. ಪದಕ್ಕೊಂದರಂತೆ ಮೂರು. ‘ಕಾಡಿನಲ್ಲಿ’ ಎಂಬುದನ್ನು ತಾನು ಇಟ್ಟುಕೊಂಡಳು. ‘ಜೀಪು’ ಪ್ರಸನ್ನನಿಗೆ ಹೋಯಿತು. ಉಳಿದದ್ದು ನನಗೆ. ಕೊಡುವಾಗ, ಈಗ ಕೈ ಬಂತಲ್ಲ ಎಂದಳು.

ಕಳೆದ ಭಾನುವಾರ ಅಕ್ಕ ತಮ್ಮ ಇಬ್ಬರೂ ಕಾಡಿಗೆ ಹೋದರು. ಅವನ ಜೀಪಿನಲ್ಲೇ ಗೇಟಿನವರೆಗೆ, ಅಲ್ಲಿಂದ ನಡೆದು. ಮುಂದಿನ ಸೀಟಿನಲ್ಲಿ ಲೀಲಾ ಮೇಡಂ ಕೂತಿದ್ದರು. ನನ್ನನ್ನು ಕರೆಯಲಿಲ್ಲ. ನಾನು ಎಂಟನೇ ಕ್ರಾಸಿನ ಮಾರುಕಟ್ಟೆಯಲ್ಲಿ ‘ಬಿಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಲ ಹಿಡಿದು ಅವರೆಕಾಯಿ ಇಲ್ಲದ ಕಾಲದಲ್ಲಿ ಅವರೆಕಾಯಿ ಕೇಳುತ್ತಿದ್ದೆ. ತರಕಾರಿಯಾಕೆ ಚೀಲ ನೋಡಿ, ನೀವೇ ಬಿಡಿ ಅಂತಿದೀರಲ್ಲ ಸಾರ್ ಎಂದಳು. ಅಷ್ಟರಲ್ಲಿ ಫೋನ್ ಬಂತು. ಪ್ರಸನ್ನ.

ಏನು ಕಂಡಿತು ಎಂದು ಕೇಳಿದೆ.

“ನತ್ತಿಂಗ,” ಎಂದ.

ಹಕ್ಕಿಯೋ ಇಂಗ್ಲಿಷೋ ಎಂದು ವೃತ್ತಿ ಧರ್ಮಕ್ಕೆ ಅನುಗುಣವಾಗಿ, ಮಾರುಕಟ್ಟೆಯ ಗದ್ದಲದಲ್ಲಿ ಜೋರಾಗಿಯೇ ಕೇಳಿದೆ.

“ಭಾವ, ಮೆತ್ತಗೆ ಮಾತಾಡಿ,” ಎಂದು ಅವನು ಪಿಸುಗುಟ್ಟಿದ. “ಕೂತಿದೆ. ಎದ್ದು ಹೋಗ್ಬಿಡತ್ತೆ.”

ಫೋನ್ ಇಟ್ಟ. ಮಧ್ಯಾಹ್ನ ವಸುಧಾ ಬಂದು ಕಾಫಿ ಕುಡಿಯುತ್ತ ಖಚಿತಪಡಿಸಿದ ಪ್ರಕಾರ, ಮೊಟ್ಟೆ ಎರಡು.